ಐದು ಸೆಂಟಿಮೀಟರ್ ಮುಂದಕ್ಕೆ: ಗಿಟಾರಿನ ಬಟನ್ ಜಾಗ ಬದಲಿಸಿದ ಕಥೆ

ಕೂತು ನುಡಿಸಿದರೆ ಎಫ್ ಬಾರ್ ಕಾರ್ಡ್ (ತೋರುಬೆರಳನ್ನು ಆರೂ ತಂತಿಯ ಮೇಲೆ ಅಡ್ಡ ಒತ್ತಿ ಹಿಡಿಯುವ ಸ್ವರಗುಚ್ಛ) ಚೆನ್ನಾಗಿ ಬರುತ್ತಿತ್ತು. ಎದ್ದು ನಿಂತರೆ ಬರುತ್ತಿರಲಿಲ್ಲ. ಅದೇ ಗಿಟಾರ್, ಅದೇ ತಂತಿ, ಅದೇ ಬೆರಳು. ನಿಂತ ಕೂಡಲೇ ಕೆಳಗಿನ ಎರಡು ಸಣ್ಣ ತಂತಿಗಳು ನಾದ ಬಿಟ್ಟು ‘ಟಪ್’ ಅನ್ನುತ್ತಿದ್ದವು. ಅರ್ಧ ಗಂಟೆ ಹೀಗೇ ನುಡಿಸಿದರೆ ಎಡ ಮಣಿಕಟ್ಟಿನ ಒಳಭಾಗ ನೋಯುತ್ತಿತ್ತು. ಅಭ್ಯಾಸ ಸಾಲದು ಅಂದುಕೊಂಡು ಮೂರು ತಿಂಗಳು ಇನ್ನೂ ಗಟ್ಟಿಯಾಗಿ ಒತ್ತಿದೆ. ನೋವು ಜಾಸ್ತಿಯಾಯಿತು, ಕಾರ್ಡ್ ಸುಧಾರಿಸಲಿಲ್ಲ.

ಕೊನೆಗೆ ಗಿಟಾರನ್ನೇ ಬಿಚ್ಚಿ ಕೆಲಸ ಮಾಡಬೇಕಾಯಿತು. ಎಂಟು ವಾರ ಹಿಡಿಯಿತು. ಏನೇನು ಅಳೆದೆ, ಎಲ್ಲಿ ಕೊರೆದೆ, ಯಾವುದು ಕೆಟ್ಟಿತು, ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಅಳತೆ

ಫೋನನ್ನು ಪಕ್ಕದಲ್ಲಿ ನಿಲ್ಲಿಸಿ ಎರಡು ಫೋಟೋ ತೆಗೆದೆ. ಒಂದು ಕೂತು, ಇನ್ನೊಂದು ನಿಂತು. ಕೂತಾಗ ಬ್ರಿಜ್ (ಬಾಡಿಯ ಮೇಲೆ ತಂತಿಗಳು ಕೂರುವ ಪಟ್ಟಿ) ಹೊಕ್ಕುಳಿಗಿಂತ ಸ್ವಲ್ಪ ಮೇಲಿತ್ತು. ನಿಂತಾಗ ಅದಕ್ಕಿಂತ 17 ಸೆಂಟಿಮೀಟರ್ ಕೆಳಗಿತ್ತು. ಹೆಚ್ಚುಕಡಿಮೆ ಮುಕ್ಕಾಲು ಗೇಣು! ಇನ್ನೂ ಮುಖ್ಯವಾದದ್ದು ಮಣಿಕಟ್ಟು. ಕೂತ ಫೋಟೋದಲ್ಲಿ ಮುಂಗೈ ಮತ್ತು ಹಸ್ತ ಬಹುತೇಕ ಒಂದೇ ಗೆರೆಯಲ್ಲಿದ್ದವು. ನಿಂತ ಫೋಟೋದಲ್ಲಿ ಹಸ್ತ ಒಳಕ್ಕೆ ಚೆನ್ನಾಗಿ ಬಾಗಿತ್ತು.

ಅದರಿಂದ ಏನಾಗುತ್ತದೆ ಅಂತ ನೋಡಲು ಗಿಟಾರ್ ಬೇಕಿಲ್ಲ. ಮಣಿಕಟ್ಟು ನೇರವಾಗಿಟ್ಟು ಬಿಗಿಯಾಗಿ ಮುಷ್ಟಿ ಹಿಡಿಯಿರಿ. ಮುಷ್ಟಿ ಬಿಡದೆ ಹಸ್ತವನ್ನು ಒಳಕ್ಕೆ ಬಗ್ಗಿಸುತ್ತಾ ಹೋಗಿ. ಒಂದು ಹಂತ ದಾಟಿದ ಮೇಲೆ ಬೆರಳುಗಳು ತಾವಾಗಿಯೇ ಸಡಿಲವಾಗುತ್ತವೆ. ಬೆರಳು ಮಡಿಸುವ ದೊಡ್ಡ ಸ್ನಾಯುಗಳು ಬೆರಳಲ್ಲಿಲ್ಲ, ಮುಂಗೈಯಲ್ಲಿವೆ. ಅವುಗಳ ಹುರಿಗಳು ಮಣಿಕಟ್ಟಿನ ಮೂಲಕ ಹಾದು ಬೆರಳು ತಲುಪುತ್ತವೆ. ಮಣಿಕಟ್ಟು ಒಳಕ್ಕೆ ಬಾಗಿದರೆ ಈ ಹುರಿಗಳು ಸಡಿಲಾಗುತ್ತವೆ. ಹಿಂಬದಿಯ ಹುರಿಗಳು ಬಿಗಿಯಾಗಿ ಬೆರಳನ್ನು ಬಿಚ್ಚಲು ಎಳೆಯುತ್ತವೆ. ಅಂದರೆ ನಾನು ನಿಂತಾಗ ನನ್ನ ಕೈಯೇ ನನ್ನ ಬೆರಳಿನ ವಿರುದ್ಧ ಎಳೆಯುತ್ತಿತ್ತು. ಆರು ತಂತಿಯನ್ನು ಒಂದೇ ಬೆರಳಲ್ಲಿ ಒತ್ತುವ ಶಕ್ತಿ ಎಲ್ಲಿಂದ ಬರಬೇಕು?

ಹಾಗಾದರೆ ಸ್ಟ್ರ್ಯಾಪ್ (ಗಿಟಾರನ್ನು ಭುಜಕ್ಕೆ ತೂಗುಹಾಕುವ ಪಟ್ಟಿ) ಚಿಕ್ಕದು ಮಾಡಿದರೆ ಆಯಿತಲ್ಲ ಅಂದುಕೊಂಡೆ. ಮಾಡಿದೆ. ಗಿಟಾರ್ ಮೇಲೆ ಬಂತು, ಆದರೆ ನೆಕ್ (ತಂತಿ ಒತ್ತುವ ಉದ್ದ ಕತ್ತು) ಕೆಳಕ್ಕೆ ಜಾರಿತು. ಕೈ ಬಿಟ್ಟರೆ ಹೆಡ್‌ಸ್ಟಾಕ್ (ನೆಕ್ಕಿನ ತುದಿಯ ತಲೆಭಾಗ) ನೆಲದ ಕಡೆ ವಾಲಿ ನಿಲ್ಲುತ್ತಿತ್ತು. ಆಗ ಗೊತ್ತಾಯಿತು, ಇಷ್ಟು ದಿನ ನನ್ನ ಎಡಗೈ ಎರಡು ಕೆಲಸ ಮಾಡುತ್ತಿತ್ತು: ತಂತಿ ಒತ್ತುವುದು ಮತ್ತು ನೆಕ್ ಎತ್ತಿ ಹಿಡಿಯುವುದು. ಎತ್ತರ ಸರಿ ಮಾಡುವ ಮೊದಲು ತೂಕ ಸರಿ ಮಾಡಬೇಕಿತ್ತು.

ತೂಕ ಎಲ್ಲಿದೆ?

ನನ್ನ ಗಿಟಾರ್ ಎರಡು ಕೊಂಬಿನ ತೆಳು ಬಾಡಿಯದು. 1961ರಲ್ಲಿ ಗಿಬ್ಸನ್ ಕಂಪನಿ ತಂದ, ಮುಂದೆ ಎಸ್‌ಜಿ ಅಂತ ಹೆಸರಾದ ಆಕಾರದ ಜಾತಿ. ಈ ಆಕಾರದಲ್ಲಿ ನೆಕ್ ಬಾಡಿಯಿಂದ ಬಹಳ ಹೊರಗೆ ಚಾಚಿರುತ್ತದೆ. ಮೇಲಿನ ಫ್ರೆಟ್‌ಗಳಿಗೆ (ನೆಕ್ಕಿನ ಅಡ್ಡಕ್ಕೆ ಇರುವ ಲೋಹದ ಪಟ್ಟಿಗಳಲ್ಲಿ ಬಾಡಿ ಹತ್ತಿರದವು) ಕೈ ಸಲೀಸಾಗಿ ಹೋಗುತ್ತದೆ. ಅದಕ್ಕೇ ನಾನು ಇದನ್ನು ಇಷ್ಟಪಟ್ಟು ತೆಗೆದುಕೊಂಡಿದ್ದು. ಆದರೆ ಸ್ಟ್ರ್ಯಾಪಿನ ತುದಿ ಸಿಕ್ಕಿಸುವ ಎರಡು ಬಟನ್‌ಗಳಲ್ಲಿ ಒಂದು ಗಿಟಾರಿನ ಬಾಲದಲ್ಲಿ, ಇನ್ನೊಂದು ಇರುವುದು ನೆಕ್ ಬಾಡಿಗೆ ಸೇರುವ ಜಾಗದಲ್ಲಿ, ಹಿಂಬದಿಗೆ.

ಪೊರಕೆ ಕೋಲಿಗೆ ಬಟ್ಟೆ ಸುತ್ತಿ ಎರಡು ಕುರ್ಚಿಗಳ ನಡುವೆ ಇಟ್ಟೆ. ಗಿಟಾರನ್ನು ಅದರ ಮೇಲೆ ಅಡ್ಡ ಮಲಗಿಸಿ, ಯಾವ ಕಡೆಯೂ ವಾಲದ ಜಾಗ ಹುಡುಕಿದೆ. ಅದು ಬಟನ್‌ಗಿಂತ 2 ಸೆಂಟಿಮೀಟರ್ ಹೆಡ್‌ಸ್ಟಾಕ್ ಕಡೆಗೇ ಇತ್ತು. ಇಡೀ ಗಿಟಾರಿನ ತೂಕ ಎರಡು ಬಟನ್‌ಗಳ ನಡುವೆ ಬೀಳಬೇಕು, ಅದೂ ಸಾಕಷ್ಟು ಒಳಗೆ. ಇಲ್ಲಿ ಹೊರಗೇ ಬಿದ್ದಿತ್ತು. ಇನ್ನು ನೆಕ್ ವಾಲದೆ ಏನು ಮಾಡೀತು?

1954ರಲ್ಲಿ ಬಂದ, ಫೆಂಡರ್ ಕಂಪನಿಯ ಸ್ಟ್ರ್ಯಾಟೋಕಾಸ್ಟರ್ ಗಿಟಾರ್ ನೆನಪಿಸಿಕೊಳ್ಳಿ. ಅದರ ಮೇಲಿನ ಕೊಂಬು ಉದ್ದವಾಗಿ ಹೆಚ್ಚುಕಡಿಮೆ 12ನೇ ಫ್ರೆಟ್‌ವರೆಗೆ ಚಾಚಿದೆ. ಬಟನ್ ಆ ತುದಿಯಲ್ಲಿದೆ. ನೋಡಲು ಚೆಂದ ಅಂತ ಮಾತ್ರ ಆ ಕೊಂಬು ಇಟ್ಟಿಲ್ಲ, ಗಿಟಾರ್ ತೂಗುವುದೇ ಅದರಿಂದ. ಇನ್ನೊಂದು ಲಾಭವೂ ಇದೆ. ಬಟನ್ ತಲೆಯ ಕಡೆಗೆ ಹೋದಷ್ಟೂ ಗಿಟಾರ್ ನಮ್ಮ ಬಲಕ್ಕೆ ಸರಿದು ನಿಲ್ಲುತ್ತದೆ. ಮೊದಲ ಫ್ರೆಟ್ ಹತ್ತಿರ ಬರುತ್ತದೆ. ನನ್ನ ಗಿಟಾರಿನಲ್ಲಿ ಎಫ್ ಕಾರ್ಡಿಗಾಗಿ ತೋಳು ಪೂರ್ತಿ ಚಾಚಬೇಕಿತ್ತು. ಅದಕ್ಕೂ ಕಾರಣ ಇದೇ.

ಈ ಕೆಲಸ ಹೊಸದೇನಲ್ಲ. ಎಡಗೈಯಲ್ಲಿ ನುಡಿಸುತ್ತಿದ್ದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಬಲಗೈಯವರ ಸ್ಟ್ರ್ಯಾಟೋಕಾಸ್ಟರನ್ನೇ ತಿರುಗಿಸಿ ಹಿಡಿಯುತ್ತಿದ್ದ. ತಿರುಗಿಸಿದಾಗ ಉದ್ದ ಕೊಂಬು ಕೆಳಗೆ ಹೋಗಿ ಗಿಡ್ಡ ಕೊಂಬು ಮೇಲೆ ಬರುತ್ತದೆ. ಹಾಗಾಗಿ ಗಿಡ್ಡ ಕೊಂಬಿಗೇ ಬಟನ್ ಹಾಕಿಸಬೇಕಾಯಿತು. ಅವನ ಗಿಟಾರಿಗೆ ಆಗಬಹುದಾದದ್ದು ನನ್ನದಕ್ಕೂ ಆಗಬಹುದು ಅನ್ನುವ ಧೈರ್ಯ ಬಂತು.

ದಾರ ಕಟ್ಟಿ ನೋಡಿದ್ದು

ನನ್ನ ಗಿಟಾರಿನ ಮೇಲಿನ ಕೊಂಬು ಚಿಕ್ಕದು, ಚೂಪು. ಅದರ ತುದಿಗೆ ಬಟನ್ ಹೋದರೆ ಹಳೆಯ ಜಾಗಕ್ಕಿಂತ 5 ಸೆಂಟಿಮೀಟರ್ ಮುಂದಾಗುತ್ತದೆ. ಕೊರೆದ ತೂತನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಅದಕ್ಕೆ ಮೊದಲು ಗಟ್ಟಿ ಹತ್ತಿ ದಾರವನ್ನು ಕೊಂಬಿನ ಬುಡಕ್ಕೆ ನಾಲ್ಕು ಸುತ್ತು ಸುತ್ತಿ, ಕುಣಿಕೆ ಮಾಡಿ, ಸ್ಟ್ರ್ಯಾಪನ್ನು ಅದಕ್ಕೆ ಕಟ್ಟಿದೆ. ಕೆಳಗೆ ದಪ್ಪ ಹಾಸಿಗೆ ಹಾಸಿಕೊಂಡು ಎರಡು ದಿನ ಹಾಗೇ ನುಡಿಸಿದೆ. ದಾರ ಜಾರಿದರೆ ಗಿಟಾರ್ ಹಾಸಿಗೆಗೆ ಬೀಳಲಿ ಅಂತ.

ವ್ಯತ್ಯಾಸ ಮೊದಲ ನಿಮಿಷದಲ್ಲೇ ಗೊತ್ತಾಯಿತು. ನೆಕ್ ತಾನಾಗಿ ನಿಂತಿತು. ಪೂರ್ತಿ ಅಲ್ಲ, ಇನ್ನೂ ಸ್ವಲ್ಪ ಜಗ್ಗುತ್ತಿತ್ತು. ಇನ್ನೊಂದು ತೊಂದರೆಯೂ ಹೋಯಿತು. ಬಟನ್ ಹಿಂಬದಿಯಲ್ಲಿದ್ದಾಗ ಸ್ಟ್ರ್ಯಾಪ್ ಹಿಂದಿನಿಂದ ಎಳೆಯುತ್ತದೆ, ಗಿಟಾರಿನ ಮೇಲಂಚು ಹೊಟ್ಟೆ ಬಿಟ್ಟು ಮುಂದಕ್ಕೆ ಬೀಳುತ್ತದೆ. ಕೊಂಬಿನ ಅಂಚಿಗೆ ಬಂದ ಮೇಲೆ ಗಿಟಾರ್ ಮೈಗೆ ಅಂಟಿಕೊಂಡಂತೆ ನಿಂತಿತು.

ಕೊರೆದ ದಿನ

ಬಟನ್ ಸ್ಕ್ರೂ ಅಳೆದೆ. ಮರೆ (ಸ್ಕ್ರೂವಿನ ಸುರುಳಿ ಏಣು) ಸೇರಿಸಿ 3.5 ಮಿಲಿಮೀಟರ್ ದಪ್ಪ, ಮರೆ ಬಿಟ್ಟು ಒಳತಿರುಳು 2.5. ತೂತು ತಿರುಳಿನಷ್ಟೇ ಇರಬೇಕು, ಮರೆಗಳು ಮರವನ್ನು ಕಚ್ಚಬೇಕು. ಹಾಗಾಗಿ 2.5ರ ಡ್ರಿಲ್ ಬಿಟ್. ಆಳ 22 ಮಿಲಿಮೀಟರ್ ಸಾಕು. ಬಿಟ್ಟಿಗೆ ಅಷ್ಟು ದೂರದಲ್ಲಿ ಟೇಪ್ ಸುತ್ತಿದೆ, ಟೇಪ್ ಮರಕ್ಕೆ ತಾಗಿದರೆ ನಿಲ್ಲಿಸು ಅಂತ.

ಕೊಂಬು ತೆಳು. ತೂತು ಓರೆಯಾದರೆ ಪಕ್ಕದಿಂದ ಹೊರಗೆ ಬರುತ್ತದೆ. ಕೊಂಬಿನ ದಪ್ಪದ ನಡುವೆ ಪೆನ್ಸಿಲ್ ಗೆರೆ ಎಳೆದು, ಮೇಲೆ ಕಾಗದದ ಟೇಪ್ ಅಂಟಿಸಿ, ಮೊಳೆಯ ಮೊನೆಯಿಂದ ಒಂದು ಚುಕ್ಕೆ ಒತ್ತಿದೆ. ಚುಕ್ಕೆ ಇಲ್ಲದಿದ್ದರೆ ಬಿಟ್ ಪಾಲಿಶ್ ಮೇಲೆ ಜಾರಿ ಗೀರು ಬೀಳುತ್ತದೆ. ಕೊರೆಯುವಾಗ ಇನ್ನೊಬ್ಬರನ್ನು ಎದುರು ನಿಲ್ಲಿಸಿಕೊಂಡೆ. ಡ್ರಿಲ್ ಮೇಲೆ-ಕೆಳಗೆ ನೇರ ಇದೆಯಾ ಅಂತ ನನಗೆ ಕಾಣುತ್ತದೆ, ಎಡ-ಬಲ ಅವರಿಗೆ ಕಾಣುತ್ತದೆ. ಈ ಸಹಾಯ ಇಲ್ಲದೆ ಮಾಡಬೇಡಿ.

ತೂತಾದ ಮೇಲೆ ಒಂದು ಚಿಕ್ಕ ಕೆಲಸ ಉಳಿಯುತ್ತದೆ. ದಪ್ಪ ಬಿಟ್ ತೆಗೆದುಕೊಂಡು, ಡ್ರಿಲ್ಲಿಗೆ ಹಾಕದೆ ಬೆರಳಲ್ಲೇ ತಿರುಗಿಸಿ, ತೂತಿನ ಬಾಯಿಯ ಪಾಲಿಶ್ ಮಾತ್ರ ಕೆರೆಯಬೇಕು. ಇಲ್ಲದಿದ್ದರೆ ಸ್ಕ್ರೂ ಒಳಗೆ ಹೋಗುವಾಗ ಪಾಲಿಶ್ ಎದ್ದು ಸುತ್ತಲೂ ಬಿರುಕು ಬಿಡುತ್ತದೆ. ಸ್ಕ್ರೂವಿನ ಮರೆಗೆ ಮೇಣದಬತ್ತಿ ಉಜ್ಜಿದೆ. ಬಟನ್ ಮತ್ತು ಮರದ ನಡುವೆ ಉಣ್ಣೆಯ ವಾಷರ್ ಹಾಕಿ, ಕೈಯಿಂದಲೇ ಬಿಗಿ ಮಾಡಿದೆ.

ಎಲ್ಲ ಚೆನ್ನಾಯಿತು ಅನ್ನುವಷ್ಟರಲ್ಲಿ ಬಾಲದ ಬಟನ್ ಕೈಗೆ ಬಂತು. ಅದರ ತೂತು ಎಷ್ಟೋ ದಿನದಿಂದ ಸವೆದು ಸ್ಕ್ರೂ ಸುಮ್ನೆ ತಿರುಗುತ್ತಿತ್ತು. ದಾರ ಜಾರಿದರೆ ಅಂತ ಹಾಸಿಗೆ ಹಾಸಿಕೊಂಡಿದ್ದ ನಾನು, ಇನ್ನೊಂದು ತುದಿ ಹೀಗಿದೆ ಅಂತ ನೋಡಿರಲೇ ಇಲ್ಲ. ಬಿದಿರಿನ ಹಲ್ಲುಕಡ್ಡಿಗಳನ್ನು ಮರದ ಅಂಟಿನಲ್ಲಿ ಅದ್ದಿ ತೂತಿಗೆ ಬಿಗಿಯಾಗಿ ತುಂಬಿದೆ. ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಹೊರಗೆ ಉಳಿದದ್ದನ್ನು ಬ್ಲೇಡಿನಿಂದ ಕೊಯ್ದು, ಮತ್ತೆ 2.5ರಲ್ಲಿ ಕೊರೆದೆ. ಈಗ ಗಟ್ಟಿಯಾಗಿದೆ. ನಿಮ್ಮ ಗಿಟಾರಿನ ಎರಡೂ ಬಟನ್‌ಗಳನ್ನು ಇವತ್ತೇ ಒಮ್ಮೆ ಅಲುಗಾಡಿಸಿ ನೋಡಿ.

ತಲೆಯ ಭಾರ

ಉಳಿದಿದ್ದ ಜಗ್ಗಾಟಕ್ಕೆ ಎರಡು ದಾರಿ ಇತ್ತು. ಬಾಲಕ್ಕೆ ಭಾರ ಸೇರಿಸುವುದು ಅಥವಾ ತಲೆಯ ಭಾರ ಇಳಿಸುವುದು. ತೂಗಿ ನೋಡಿದರೆ ನನ್ನ ಟ್ಯೂನರ್ (ತಲೆಯಲ್ಲಿರುವ, ತಂತಿ ಬಿಗಿ ಮಾಡುವ ತಿರುಪು) ಒಂದೊಂದೂ 40 ಗ್ರಾಂ ಇತ್ತು. 28 ಗ್ರಾಂನವು ಸಿಕ್ಕವು. ಆರಕ್ಕೆ 72 ಗ್ರಾಂ ಉಳಿತಾಯ. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಆದರೆ ಟ್ಯೂನರ್‌ಗಳು ಹೊಸ ಬಟನ್‌ನಿಂದ 50 ಸೆಂಟಿಮೀಟರ್ ದೂರದಲ್ಲಿವೆ. ತಕ್ಕಡಿಯ ಕೋಲು ಉದ್ದವಾದಷ್ಟೂ ಸಣ್ಣ ಕಲ್ಲಿಗೂ ಬಲ ಜಾಸ್ತಿ. ಇದೇ ಫಲ ಬೇಕೆಂದರೆ ಬಟನ್‌ನಿಂದ 30 ಸೆಂಟಿಮೀಟರ್ ದೂರದ ಬಾಲದ ಕಡೆ 120 ಗ್ರಾಂ ಸೇರಿಸಬೇಕಿತ್ತು. ಭುಜಕ್ಕೆ ಭಾರ ಸೇರಿಸುವುದಕ್ಕಿಂತ ಇಳಿಸುವುದು ಒಳ್ಳೆಯದು ಅಂತ ಟ್ಯೂನರ್ ಬದಲಿಸಿದೆ.

ನುಣುಪಾದ ನೈಲಾನ್ ಸ್ಟ್ರ್ಯಾಪ್ ತೆಗೆದು 7 ಸೆಂಟಿಮೀಟರ್ ಅಗಲದ ಚರ್ಮದ್ದು ಹಾಕಿದೆ. ಒರಟು ಬದಿ ಭುಜಕ್ಕೆ. ಈಗ ಎರಡೂ ಕೈ ಬಿಟ್ಟರೆ ಗಿಟಾರ್ ಇಟ್ಟಲ್ಲೇ ನಿಲ್ಲುತ್ತದೆ. ಆ ದಿನ ನನಗಾದ ಸಂತೋಷ ದೊಡ್ಡದು. ಮೊದಲ ಬಾರಿಗೆ ಎಡಗೈಗೆ ನುಡಿಸುವ ಕೆಲಸ ಮಾತ್ರ ಉಳಿದಿತ್ತು.

ಎಷ್ಟು ಎತ್ತರ?

ಸ್ಟ್ರ್ಯಾಪಿನ ಮೇಲೆ 5 ಸೆಂಟಿಮೀಟರಿಗೊಂದು ಗುರುತು ಹಾಕಿದೆ, ಒಟ್ಟು ಐದು. ಒಂದೊಂದು ಎತ್ತರದಲ್ಲಿ ಕೆಲವು ದಿನ ಅದೇ ಪಾಠಗಳನ್ನು ನುಡಿಸಿದೆ. ಮೇಲಿದ್ದಷ್ಟೂ ಒಳ್ಳೆಯದು ಅಂತ ನಂಬಿ ಶುರು ಮಾಡಿದ್ದೆ. ಆ ನಂಬಿಕೆ ಉಳಿಯಲಿಲ್ಲ.

ಅತಿ ಎತ್ತರದಲ್ಲಿ, ಬ್ರಿಜ್ ಎದೆಯ ಕೆಳಗಿರುವಾಗ, ಎಡಗೈಗೆ ಸ್ವರ್ಗ. ಮಣಿಕಟ್ಟು ನೇರ, ಹೆಬ್ಬೆರಳು ನೆಕ್ ಹಿಂದೆ, ಕಿರುಬೆರಳು ಸಲೀಸಾಗಿ ದೂರದ ಫ್ರೆಟ್ ಮುಟ್ಟುತ್ತದೆ. ರಾಕ್ ವಾದಕ ಟಾಮ್ ಮೊರೆಲೋ ಗಿಟಾರನ್ನು ಅಷ್ಟು ಮೇಲೆ ಕಟ್ಟಿಕೊಳ್ಳುವುದು ಯಾಕೆ ಅಂತ ಕೈಗೇ ಗೊತ್ತಾಯಿತು. ಆದರೆ ಮೂರನೇ ದಿನ ಬಲಗೈ ದೂರು ಹೇಳಿತು. ಗಿಟಾರ್ ಮೇಲೆ ಬಂದಷ್ಟೂ ಬಲ ಮೊಣಕೈ ಜಾಸ್ತಿ ಮಡಿಸಬೇಕು, ತೋಳು ಬಾಡಿಯ ಅಂಚಿನ ಮೇಲೆ ಹತ್ತಬೇಕು. ಆಗ ಬಲ ಮಣಿಕಟ್ಟು ಬಾಗುತ್ತದೆ, ಭುಜ ಕಿವಿಯ ಕಡೆ ಏರುತ್ತದೆ. ಎಡ ಮಣಿಕಟ್ಟಿನ ಬಾಗು ಬಲ ಮಣಿಕಟ್ಟಿಗೆ ವರ್ಗವಾಗಿತ್ತು ಅಷ್ಟೇ. ಒಂದು ಕಡೆ ಏರಿದರೆ ಇನ್ನೊಂದು ಕಡೆ ಇಳಿಯುವ ಏತದ ಹಾಗೆ.

ಅತಿ ಕೆಳಗೆ, ಬ್ರಿಜ್ ತೊಡೆಯ ಮೇಲ್ಭಾಗಕ್ಕೆ ಬಂದಾಗ, ಬಲ ತೋಳು ಹೆಚ್ಚುಕಡಿಮೆ ನೇರ. ಹೊಡೆತ ಮಣಿಕಟ್ಟಿನಿಂದ ಬರುವುದಿಲ್ಲ, ಇಡೀ ತೋಳಿನಿಂದ ಬೀಳುತ್ತದೆ. ಎರಡು-ಮೂರು ತಂತಿಯ ಪವರ್ ಕಾರ್ಡ್‌ಗಳನ್ನು ಮೇಲಿನಿಂದ ಕೆಳಕ್ಕೆ ಬಡಿಯುತ್ತಾ ಹೋದರೆ ಮೈಯೆಲ್ಲ ತಾಳ ಹಾಕುತ್ತದೆ. ಪಂಕ್ ರಾಕ್ ವಾದಕ ಜಾನಿ ರಮೋನ್ ಗಿಟಾರನ್ನು ಕೆಳಗೆ ತೂಗಿಸಿಕೊಂಡು ಬಿಡದೆ ಕೆಳಹೊಡೆತಗಳಲ್ಲೇ ನುಡಿಸುತ್ತಿದ್ದ. ಆ ಶಬ್ದಕ್ಕೂ ಆ ಎತ್ತರಕ್ಕೂ ನಂಟಿದೆ. ಹೀಗೆ ಹಿಡಿಯುವುದು ತಪ್ಪು ಅಂತ ಹೇಳುವವರನ್ನು ನಾನು ಒಪ್ಪುವುದಿಲ್ಲ. ಆ ಸಂಗೀತಕ್ಕೆ ಅದೇ ಸರಿ. ಆದರೆ ಅಲ್ಲಿ ನಿಂತು ಕಿರುಬೆರಳಿನ ಪಾಠ ನುಡಿಸಲು ಹೋದರೆ ಮಣಿಕಟ್ಟು ಸೋಲುತ್ತದೆ. ಹೆಬ್ಬೆರಳು ತಾನಾಗಿ ನೆಕ್ ಮೇಲಕ್ಕೆ ಬರುತ್ತದೆ, ಕೈ ಮೂರು ಬೆರಳಿಗೆ ಇಳಿಯುತ್ತದೆ. ನಾನು ಯೋಚಿಸದೆಯೇ ಬ್ಲೂಸ್ ಸಾಲುಗಳನ್ನು, ಉದ್ದನೆಯ ಬೆಂಡ್‌ಗಳನ್ನು (ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸುವುದು) ನುಡಿಸತೊಡಗಿದ್ದೆ. ಹೆಬ್ಬೆರಳು ಮೇಲೆ ಕೊಕ್ಕೆಯಂತೆ ಕೂತರೆ ಬೆಂಡ್ ಮಾಡಲು ಒಳ್ಳೆಯ ಹಿಡಿತ ಸಿಗುತ್ತದೆ. ನಾನು ‘ನನ್ನ ಶೈಲಿ’ ಅಂದುಕೊಂಡಿದ್ದರಲ್ಲಿ ಎಷ್ಟೋ ಭಾಗ ಸ್ಟ್ರ್ಯಾಪಿನ ಉದ್ದ ಆರಿಸಿಕೊಟ್ಟದ್ದಾಗಿತ್ತು.

ಹಾಗಾದರೆ ರಾಕ್ ಗಿಟಾರ್ ವಾದಕ ಜಿಮ್ಮಿ ಪೇಜ್? ಅಷ್ಟು ಕೆಳಗೆ ತೂಗುವ ಲೆಸ್ ಪಾಲ್ ಗಿಟಾರಿನಲ್ಲಿ ಅಷ್ಟು ಕಷ್ಟದ ಕೆಲಸ ಹೇಗೆ? ಹಳೆಯ ವೇದಿಕೆ ಫೋಟೋಗಳನ್ನು ನೋಡುತ್ತಾ ಕೂತೆ. ಎಷ್ಟೋ ಕಡೆ ಬಾಡಿ ಕೆಳಗಿದ್ದರೂ ನೆಕ್ ಮೇಲಕ್ಕೆ ಕಡಿದಾಗಿ ನಿಂತಿದೆ. ಎಡಗೈ ಇರುವುದು ಎದೆಯ ಮಟ್ಟದಲ್ಲಿ. ಎತ್ತರ ಒಂದೇ ಅಲ್ಲ, ಓರೆಯೂ ಲೆಕ್ಕಕ್ಕೆ ಬರುತ್ತದೆ. ಮಧ್ಯದ ಗುರುತಿಗೆ ಸ್ಟ್ರ್ಯಾಪ್ ಹಾಕಿ ನೆಕ್ಕನ್ನು ಹೆಡ್‌ಸ್ಟಾಕ್ ಭುಜದ ಮಟ್ಟಕ್ಕೆ ಬರುವಷ್ಟು ಎತ್ತಿದೆ. ಎಡ ಮಣಿಕಟ್ಟು ನೇರವಾಯಿತು, ಬಲ ಮೊಣಕೈಯೂ ಆರಾಮಾಗಿ ಉಳಿಯಿತು. ಬಟನ್ ಬದಲಿಸದೆ ಇದು ಸಾಧ್ಯವೇ ಇರಲಿಲ್ಲ. ಎತ್ತಿದ ನೆಕ್ ಮರುಕ್ಷಣ ಇಳಿದುಬಿಡುತ್ತಿತ್ತು.

ಒಂದು ಕೆಟ್ಟ ಅಭ್ಯಾಸವೂ ಈ ಹೊತ್ತಲ್ಲಿ ಸಿಕ್ಕಿಬಿತ್ತು. ಫ್ರೆಟ್ ಕಾಣಲಿ ಅಂತ ಗಿಟಾರಿನ ಮುಖವನ್ನು ನನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದೆ. ಹಾಗೆ ತಿರುಗಿಸಿದರೆ ಎಡ ಮಣಿಕಟ್ಟು ಇನ್ನಷ್ಟು ಸುತ್ತಿ ಬರಬೇಕು, ಕುತ್ತಿಗೆಯೂ ಬಾಗಬೇಕು. ನೆಕ್ಕಿನ ಮೇಲಂಚಿನಲ್ಲಿ ಚುಕ್ಕೆಗಳಿರುವುದೇ ಇದಕ್ಕೆ. ಅವನ್ನು ನೋಡಿ ನುಡಿಸುವುದು ರೂಢಿಯಾಗಲು ಎರಡು ವಾರ ಬೇಕಾಯಿತು.

ಕಾಲುಮಣೆ

ನಿಂತದ್ದು ಸರಿಯಾದ ಮೇಲೆ ಕೂತದ್ದನ್ನೂ ನೋಡಿದೆ. ಶಾಸ್ತ್ರೀಯ ಗಿಟಾರಿನವರು ಎಡಗಾಲನ್ನು ಮಣೆಯ ಮೇಲಿಟ್ಟು, ಗಿಟಾರನ್ನು ಎಡ ತೊಡೆಯ ಮೇಲೆ ಇಡುತ್ತಾರೆ. ಸ್ಪೇನಿನ ಫ್ರಾನ್ಸಿಸ್ಕೊ ತಾರೆಗಾನ ಕಾಲದಿಂದ ಈ ಕೂರುವಿಕೆ ಗಟ್ಟಿಯಾಯಿತು, ಆಂಡ್ರೆಸ್ ಸೆಗೋವಿಯಾ ಅದನ್ನು ಲೋಕಕ್ಕೆಲ್ಲ ತೋರಿಸಿದ. ಅವರಿಗಿಂತ ಮೊದಲು ಡಿಯೊನಿಸಿಯೊ ಅಗುವಾದೊ ಗಿಟಾರ್ ನಿಲ್ಲಿಸಲು ಮೂರು ಕಾಲಿನ ಸ್ಟ್ಯಾಂಡನ್ನೇ ಮಾಡಿಕೊಂಡಿದ್ದ. ತೂಕ ಕೈ ಮೇಲೆ ಬೀಳಬಾರದು ಅನ್ನುವ ಯೋಚನೆ ಅಷ್ಟು ಹಳೆಯದು.

18 ಮಿಲಿಮೀಟರ್ ಪ್ಲೈವುಡ್‌ನಲ್ಲಿ 30ಕ್ಕೆ 25 ಸೆಂಟಿಮೀಟರಿನ ಮಣೆ ಕೊಯ್ದು, 13 ಸೆಂಟಿಮೀಟರ್ ಎತ್ತರಕ್ಕೆ ಎರಡು ಪಕ್ಕದ ಹಲಗೆ ಜೋಡಿಸಿದೆ. ಹಿಮ್ಮಡಿ ಕಡೆ ಸ್ವಲ್ಪ ತಗ್ಗು. ವಾರದೊಳಗೆ ಸೊಂಟ ಹಿಡಿಯಿತು. ಒಂದು ಕಾಲು ಏರಿದರೆ ಸೊಂಟದ ಮೂಳೆ ಒಂದು ಕಡೆ ಏರುತ್ತದೆ, ಬೆನ್ನು ತಿರುಚುತ್ತದೆ. ಪಕ್ಕದ ಹಲಗೆಗಳನ್ನು ಕೊಯ್ದು 10ಕ್ಕೆ ಇಳಿಸಿದೆ. ಈಗ ಅಕೌಸ್ಟಿಕ್ ಗಿಟಾರಿಗೆ ಅದು ಸಾಕು. ಎಲೆಕ್ಟ್ರಿಕ್ ಗಿಟಾರಿಗೆ ಇನ್ನೂ ಸರಳವಾದದ್ದು ಹೊಳೆಯಿತು: ಕೂತಾಗಲೂ ಸ್ಟ್ರ್ಯಾಪ್ ಹಾಕಿಕೊಳ್ಳುವುದು. ಮಧ್ಯದ ಗುರುತಿನಲ್ಲಿ ಕೂತರೂ ನಿಂತರೂ ಗಿಟಾರ್ ಹೆಚ್ಚುಕಡಿಮೆ ಒಂದೇ ಜಾಗದಲ್ಲಿರುತ್ತದೆ. ಆ 17 ಸೆಂಟಿಮೀಟರ್ ಈಗ 3ಕ್ಕೆ ಇಳಿದಿದೆ. ರಾಕ್ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ವೇದಿಕೆಯ ಮೇಲೂ ಸ್ಟೂಲ್ ಬಿಟ್ಟೇಳದೆ ನುಡಿಸುವುದನ್ನು ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ. ಅಭ್ಯಾಸ ಮಾಡಿದ ಮೈಯನ್ನೇ ಅವನು ವೇದಿಕೆಗೂ ಒಯ್ಯುತ್ತಾನೆ.

ಎಂಟನೇ ವಾರ

ನಿಂತು ಹಿಡಿದ ಎಫ್ ಕಾರ್ಡಿನ ಆರೂ ತಂತಿ ನುಡಿಯುತ್ತಿವೆ. ಒತ್ತುವ ಬಲ ಮೊದಲಿಗಿಂತ ಕಡಿಮೆ. ಮಣಿಕಟ್ಟಿನ ನೋವು ನಾಲ್ಕನೇ ವಾರದಿಂದ ಬಂದಿಲ್ಲ. ನನ್ನದು ಬರೀ ನೋವಾಗಿತ್ತು, ಅದಕ್ಕೆ ಇಷ್ಟು ಸಾಕಾಯಿತು. ಬೆರಳು ಜೋಮು ಹಿಡಿಯುತ್ತಿದ್ದರೆ ಅಥವಾ ರಾತ್ರಿ ಕೈ ಮರಗಟ್ಟಿ ಎಚ್ಚರವಾಗುತ್ತಿದ್ದರೆ ದಯವಿಟ್ಟು ಸ್ಕ್ರೂಡ್ರೈವರ್ ಕೆಳಗಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ.

ಸ್ಟ್ರ್ಯಾಪಿನ ಐದು ಗುರುತುಗಳಲ್ಲಿ ಮೂರನ್ನು ಅಳಿಸಿದೆ. ಮಧ್ಯದ ಗುರುತಿಗೆ ಬಿಳಿ ದಾರದ ಹೊಲಿಗೆ ಹಾಕಿದ್ದೇನೆ. ಅದಕ್ಕಿಂತ 5 ಸೆಂಟಿಮೀಟರ್ ಕೆಳಗಿನದಕ್ಕೆ ಕೆಂಪು ದಾರ. ಪಾಠ, ಕಾರ್ಡ್‌ಗಳು, ಕಿರುಬೆರಳು ಬೇಕಾದದ್ದೆಲ್ಲ ಬಿಳಿಯಲ್ಲಿ. ಬಡಿತದ ಹಾಡು, ಉದ್ದ ಬೆಂಡ್ ಇದ್ದರೆ ಕೆಂಪಿಗೆ ಇಳಿಸುತ್ತೇನೆ. ಕೆಂಪಿನಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ನಿಲ್ಲುವುದಿಲ್ಲ.

ಹಿಂಬದಿಯ ಹಳೆಯ ತೂತಿಗೂ ಮರದ ಕಡ್ಡಿ ತುಂಬಿ ಅಂಟು ಹಾಕಿ ಮುಚ್ಚಿದ್ದೇನೆ. ಬಣ್ಣ ಹೊಂದಿಲ್ಲ, ಒಂದು ತಿಳಿ ಚುಕ್ಕೆ ಕಾಣುತ್ತದೆ. ನೆಕ್ ಮೇಲೆ ಕೈ ಎತ್ತರದ ಫ್ರೆಟ್‌ಗಳಿಗೆ ಹೋದಾಗ ಮೊದಲು ಅಲ್ಲಿ ಬಟನ್ ತಾಗುತ್ತಿತ್ತು. ಈಗ ಅಂಗೈ ನುಣ್ಣಗೆ ಜಾರಿ ಕೊನೆಯ ಫ್ರೆಟ್‌ವರೆಗೆ ಹೋಗುತ್ತದೆ.